ಲಾಂಛನದ ಹಕ್ಕು ಬಿಲ್ ಪುಸ್ತಕದಲ್ಲಿದೆ

ಐದು ಇಂಗ್ಲಿಷ್ ಅಕ್ಷರಗಳಿಗಾಗಿ ಎರಡು ರಾಜ್ಯಗಳು ವರ್ಷಗಟ್ಟಲೆ ವ್ಯಾಜ್ಯವಾಡಿದವು. ಕೆಎಸ್‌ಆರ್‌ಟಿಸಿ ಎಂಬ ಹೆಸರು ಕೇರಳದ ಸರ್ಕಾರಿ ಬಸ್ಸುಗಳ ಮೇಲೂ ಇದೆ, ಕರ್ನಾಟಕದ ಬಸ್ಸುಗಳ ಮೇಲೂ ಇದೆ. ಕೇರಳದ ನಿಗಮ ಹುಟ್ಟಿದ್ದು 1965ರಲ್ಲಿ. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾದಾಗ ಇಲ್ಲಿನ ನಿಗಮಕ್ಕೂ ಅದೇ ಐದಕ್ಷರದ ಹೆಸರು ಬಂತು. ನಾಲ್ಕು ದಶಕ ಯಾರೂ ತಕರಾರು ತೆಗೆಯಲಿಲ್ಲ. 2013ರಲ್ಲಿ ಕರ್ನಾಟಕದ ನಿಗಮ ತನ್ನ ಹೆಸರಿಗೂ ಗಂಡಭೇರುಂಡದ ಲಾಂಛನಕ್ಕೂ ಟ್ರೇಡ್‌ಮಾರ್ಕ್ ಕೇಳಿ ಅರ್ಜಿ ಹಾಕಿತು, ನೋಂದಣಿಯೂ ಆಯಿತು. ಕೇರಳ ಅದನ್ನು ಪ್ರಶ್ನಿಸಿತು. 2021ರ ಜೂನ್‌ನಲ್ಲಿ ಕೇರಳವೇ ಗೆದ್ದಿತೆಂಬ ಸುದ್ದಿ ಎಲ್ಲೆಡೆ ಹಬ್ಬಿತು. ಅಂಥ ಅಂತಿಮ ಆದೇಶವೇ ಬಂದಿಲ್ಲವೆಂದು ಕರ್ನಾಟಕದ ನಿಗಮ ಸ್ಪಷ್ಟನೆ ಕೊಟ್ಟಿತು. ಅಷ್ಟರಲ್ಲಿ ಪ್ರಕರಣ ನಡೆಯುತ್ತಿದ್ದ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಯೇ ರದ್ದಾಗಿ, ಅದು ಮದ್ರಾಸ್ ಹೈಕೋರ್ಟಿಗೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು.

ಕರ್ನಾಟಕದ ಅರ್ಜಿಯಲ್ಲಿ ಒಂದು ತಾರೀಖು ಎದ್ದು ಕಾಣುತ್ತಿತ್ತು: ಬಳಕೆ ಶುರುವಾದ ದಿನ, 1973ರ ನವೆಂಬರ್ 1. ಅರ್ಜಿ ಹಾಕಿದ್ದು ಅದಾದ ನಲವತ್ತು ವರ್ಷಗಳ ಮೇಲೆ. ಆದರೂ ಹಕ್ಕಿನ ಮಾತು ಬಂದಾಗಲೆಲ್ಲ ಆ ಹಳೆಯ ದಿನವೇ ಮುಂದೆ ಬರುತ್ತದೆ. ಸ್ವಂತ ಅಂಗಡಿಯ ಲಾಂಛನವನ್ನು ತಾವೇ ನೋಂದಾಯಿಸಿಕೊಳ್ಳಲು ಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಅರ್ಜಿಯನ್ನು ಯಾರು ಬೇಕಾದರೂ ತುಂಬಿಕೊಡಬಹುದು. ಎಂದಿನಿಂದ ಬಳಸುತ್ತಿದ್ದೇವೆ ಎಂಬುದರ ಪುರಾವೆ ಮಾತ್ರ ಮಾಲೀಕರ ಬಳಿಯೇ ಇರಬೇಕು.

ಹೈದರಾಬಾದಿನ ಮಲ್ಕಾಜ್‌ಗಿರಿಯನ್ನು ತೆಗೆದುಕೊಳ್ಳಿ. ಸಿಕಂದರಾಬಾದಿಗೆ ಅಂಟಿಕೊಂಡ ಈ ಊರು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು. 2016ರಿಂದ ಮೇಡ್ಚಲ್–ಮಲ್ಕಾಜ್‌ಗಿರಿ ಎಂದು ಜಿಲ್ಲೆಗೇ ಅದರ ಹೆಸರಿದೆ. ಆನಂದಬಾಗ್, ಸಫಿಲ್‌ಗೂಡ, ನೇರೆಡ್‌ಮೆಟ್ ಕಡೆಯ ಬೀದಿಗಳಲ್ಲಿ ಕರಿ ಪಾಯಿಂಟ್, ಟಿಫಿನ್ ಸೆಂಟರ್, ಉಪ್ಪಿನಕಾಯಿ ಅಂಗಡಿ, ಬ್ಯೂಟಿ ಪಾರ್ಲರ್, ಟ್ಯೂಷನ್ ಕೇಂದ್ರಗಳ ಫಲಕಗಳು ಒಂದರ ಪಕ್ಕ ಒಂದು. ಕಲಬುರಗಿ ಕಡೆಯಿಂದ ಮದುವೆಯಾಗಿ ಬಂದ ಗೃಹಿಣಿಯೊಬ್ಬರು ಇಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಮಾಡಿ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಪೊಟ್ಟಣದ ಮೇಲೆ ಕನ್ನಡದಲ್ಲಿ ‘ಬುತ್ತಿ’ ಎಂಬ ಹೆಸರು, ಪಕ್ಕದಲ್ಲಿ ಗಂಟು ಕಟ್ಟಿದ ಬಟ್ಟೆಯ ಚಿತ್ರ. ವ್ಯಾಪಾರ ಕುದುರಿದ ಮೇಲೆ ಪಕ್ಕದ ಬಡಾವಣೆಯಲ್ಲಿ ಅದೇ ಗಂಟು, ಅದೇ ಹೆಸರು ಕಾಣಿಸಿಕೊಂಡರೆ ಅವರು ಏನು ಮಾಡಬೇಕು?

ನೋಂದಣಿ ಇಲ್ಲದಿದ್ದರೂ ಕಾನೂನು ಅವರನ್ನು ಪೂರ್ತಿ ಕೈಬಿಡುವುದಿಲ್ಲ. ತನ್ನ ಸರಕನ್ನು ಇನ್ನೊಬ್ಬರ ಸರಕೆಂದು ನಂಬಿಸಿ ಮಾರುವುದರ ವಿರುದ್ಧ ದಾವೆ ಹೂಡಬಹುದು. ಆದರೆ ತಮ್ಮ ಹೆಸರಿಗೆ ಮಾರುಕಟ್ಟೆಯಲ್ಲಿ ಮನ್ನಣೆ ಇದೆ, ಗಿರಾಕಿಗಳು ಮೋಸ ಹೋಗುತ್ತಿದ್ದಾರೆ ಎಂಬುದನ್ನೆಲ್ಲ ಅವರೇ ರುಜುವಾತು ಮಾಡಬೇಕು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ನೋಂದಣಿ ಪತ್ರ ಕೈಯಲ್ಲಿದ್ದರೆ ಮಾಲೀಕತ್ವಕ್ಕೆ ಅದೇ ಮೊದಲ ಸಾಕ್ಷಿ. ತಾವು ವಾಸಿಸುವ ಅಥವಾ ವ್ಯಾಪಾರ ನಡೆಸುವ ಜಾಗದ ಜಿಲ್ಲಾ ಮಟ್ಟದ ನ್ಯಾಯಾಲಯದಲ್ಲೇ ದಾವೆ ಹೂಡುವ ಅನುಕೂಲವೂ ಅದರೊಂದಿಗೆ ಬರುತ್ತದೆ. ನಕಲು ಮಾಡಿದವನು ಎಲ್ಲೇ ಇರಲಿ, ಅವನ ಊರಿಗೆ ಅಲೆಯಬೇಕಿಲ್ಲ.

ಅರ್ಜಿ ಹೋಗುವುದು ಚೆನ್ನೈಗೆ. ದೇಶದಲ್ಲಿ ಟ್ರೇಡ್‌ಮಾರ್ಕ್ ಕಚೇರಿಗಳು ಐದು: ಮುಂಬೈ, ದೆಹಲಿ, ಕೋಲ್ಕತ್ತ, ಅಹಮದಾಬಾದ್, ಚೆನ್ನೈ. ತೆಲಂಗಾಣ, ಆಂಧ್ರ, ಕರ್ನಾಟಕ, ಕೇರಳ, ತಮಿಳುನಾಡು ಎಲ್ಲವೂ ಚೆನ್ನೈನ ಗಿಂಡಿಯಲ್ಲಿರುವ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಮಲ್ಕಾಜ್‌ಗಿರಿಯ ರೊಟ್ಟಿ ವ್ಯಾಪಾರಿಯ ಕಾಗದವೂ ಮಂಗಳೂರಿನ ಐಸ್‌ಕ್ರೀಂ ವ್ಯಾಪಾರಿಯ ಕಾಗದವೂ ಸೇರುವುದು ಒಂದೇ ಕಡೆ. ಅದಕ್ಕಾಗಿ ಚೆನ್ನೈಗೆ ಪ್ರಯಾಣ ಬೇಕಿಲ್ಲ, ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ಟಿಎಂ-ಎ ಎಂಬ ನಮೂನೆ, ಡಿಜಿಟಲ್ ಸಹಿ, ಸ್ವಚ್ಛವಾಗಿ ಕಾಣುವ ಲಾಂಛನದ ಚಿತ್ರ ಇದ್ದರೆ ಆಯಿತು. ವ್ಯಕ್ತಿಗಳಿಗೆ, ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಮತ್ತು ಉದ್ಯಮ್ ನೋಂದಣಿಯಿರುವ ಸಣ್ಣ ಘಟಕಗಳಿಗೆ ಶುಲ್ಕ 4,500 ರೂಪಾಯಿ. ಕಾಗದದಲ್ಲಿ ಕೊಟ್ಟರೆ 5,000. ದೊಡ್ಡ ಕಂಪನಿಗಳಿಗೆ ಇದರ ಎರಡರಷ್ಟು. ವಕೀಲರ ಅಥವಾ ಏಜೆಂಟರ ಮೂಲಕವೇ ಹೋಗಬೇಕೆಂಬ ಕಡ್ಡಾಯ ಎಲ್ಲೂ ಇಲ್ಲ. ಏಜೆಂಟರ ಫೀಸು ಕೇಳಿಯೇ ಸಣ್ಣ ವ್ಯಾಪಾರಿಗಳು ಹಿಂಜರಿಯುತ್ತಾರೆ. ಸರ್ಕಾರದ ಶುಲ್ಕ ಬೇರೆ, ಏಜೆಂಟರ ಫೀಸು ಬೇರೆ ಎಂಬುದನ್ನು ಅವರಿಗೆ ಬಿಡಿಸಿ ಹೇಳುವವರು ಇರಬೇಕು.

ಶುಲ್ಕ ಒಂದು ವರ್ಗಕ್ಕೆ ಮಾತ್ರ ಎಂಬುದು ನೆನಪಿರಲಿ. ಜಗತ್ತಿನ ಎಲ್ಲ ಸರಕು, ಸೇವೆಗಳನ್ನು 45 ವರ್ಗಗಳಲ್ಲಿ ಹಂಚಲಾಗಿದೆ. 34 ಸರಕಿಗೆ, 11 ಸೇವೆಗೆ. ರೊಟ್ಟಿ, ಮಸಾಲೆ, ಚಟ್ನಿಪುಡಿ, ಕಾಫಿ 30ನೆಯ ವರ್ಗ. ಉಪ್ಪಿನಕಾಯಿ, ಹಾಲು, ತುಪ್ಪ 29. ಕೂತು ತಿನ್ನುವ ಹೋಟೆಲ್ ಆದರೆ 43. ಬಟ್ಟೆ 25, ಟ್ಯೂಷನ್ 41. ರೊಟ್ಟಿಯ ಜೊತೆ ಉಪ್ಪಿನಕಾಯಿಯನ್ನೂ ಮಾರುವ ಮನೆಗೆ ಎರಡು ವರ್ಗ, ಅಂದರೆ 9,000 ರೂಪಾಯಿ. ಮುಂದೆಂದೋ ಮಾಡಬಹುದಾದ ವ್ಯಾಪಾರಗಳಿಗೆಲ್ಲ ಈಗಲೇ ವರ್ಗ ಕಟ್ಟಿಡುವ ಆಸೆ ಬೇಡ. ನೋಂದಾಯಿಸಿಯೂ ಐದು ವರ್ಷ ಬಳಸದೆ ಬಿಟ್ಟ ಗುರುತನ್ನು ರದ್ದು ಮಾಡಿಸಿ ಎಂದು ಬಾಧಿತರು ಕೇಳಬಹುದು.

ಅರ್ಜಿಗೆ ಮುಂಚೆ ಮಾಡಬೇಕಾದ ಹುಡುಕಾಟವೇ ನಿಜವಾದ ಶ್ರಮ. ಇಲಾಖೆಯ ಜಾಲತಾಣದಲ್ಲಿ ಉಚಿತ ಶೋಧನೆಯ ಸೌಲಭ್ಯವಿದೆ. ಹೆಸರಿನಿಂದ ಹುಡುಕಬಹುದು, ಹೆಸರಿನ ಉಚ್ಚಾರಣೆಯಿಂದ ಹುಡುಕಬಹುದು, ಚಿತ್ರದಿಂದಲೂ ಹುಡುಕಬಹುದು. ಉಚ್ಚಾರಣೆಯನ್ನು ಕಡೆಗಣಿಸುವಂತಿಲ್ಲ. 1962ರಲ್ಲಿ ಸುಪ್ರೀಂ ಕೋರ್ಟ್ ಅಮೃತಧಾರಾ ಮತ್ತು ಲಕ್ಷ್ಮಣಧಾರಾ ಎಂಬ ಎರಡು ಔಷಧಗಳ ಹೆಸರನ್ನು ಹೋಲಿಸಿದಾಗ, ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಗಿರಾಕಿಗೆ ಇವೆರಡೂ ಹೇಗೆ ಕೇಳಿಸುತ್ತವೆ ಎಂಬುದನ್ನೇ ಅಳತೆಗೋಲು ಮಾಡಿತು. ಅಕ್ಷರ ಬಿಡಿಸಿ ಅರ್ಥ ನೋಡುವ ಪಂಡಿತನ ಕಣ್ಣು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಹೆಸರುಗಳು ಹೋಲುತ್ತವೆಂದು ಒಪ್ಪಿದರೂ, ಲಕ್ಷ್ಮಣಧಾರಾ ಬಹುಕಾಲದಿಂದ ಚಲಾವಣೆಯಲ್ಲಿದ್ದುದರಿಂದ ಅದಕ್ಕೆ ಉತ್ತರ ಪ್ರದೇಶಕ್ಕಷ್ಟೇ ಸೀಮಿತವಾದ ನೋಂದಣಿ ಉಳಿಯಿತು. ಅಲ್ಲಿಯೂ ಬಳಕೆಯ ಇತಿಹಾಸವೇ ತಕ್ಕಡಿಯನ್ನು ವಾಲಿಸಿತು.

ಚಿತ್ರಗಳನ್ನು ಹುಡುಕಲು ವಿಯೆನ್ನಾ ವರ್ಗೀಕರಣ ಎಂಬ ಅಂತರರಾಷ್ಟ್ರೀಯ ಕ್ರಮವಿದೆ. ಲಾಂಛನಗಳಲ್ಲಿ ಬರುವ ಆಕೃತಿಗಳಿಗೆಲ್ಲ ಅದರಲ್ಲಿ 29 ಮುಖ್ಯ ವಿಭಾಗಗಳು. ಮನುಷ್ಯರು ಎರಡನೆಯದು, ಪ್ರಾಣಿಗಳು ಮೂರನೆಯದು, ಗಂಡಭೇರುಂಡದಂಥ ಕಲ್ಪಿತ ಜೀವಿಗಳಿಗೆ ನಾಲ್ಕನೆಯದು. ದೀಪ 13ರಲ್ಲಿ ಬರುತ್ತದೆ.

ಹಸು ಮತ್ತು ದೀಪದ ನಡುವಿನ ಈ ಅಂತರ ಕರ್ನಾಟಕದಲ್ಲಿ ಒಂದು ದೊಡ್ಡ ವ್ಯಾಜ್ಯಕ್ಕೆ ತಿರುವು ಕೊಟ್ಟಿದೆ. ಕರ್ನಾಟಕ ಹಾಲು ಮಹಾಮಂಡಳ ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿದೆ, ಲಾಂಛನದಲ್ಲಿ ಹಸು. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲ್ ಶುರುವಾದದ್ದು 1989ರಲ್ಲಿ. ಅದರ ಲಾಂಛನದಲ್ಲಿ ದೀಪ, ಇಂಗ್ಲಿಷ್ ಬರಹದಲ್ಲಿ ಒಂದಕ್ಷರ ಹೆಚ್ಚು. ಹೋಟೆಲಿನವರು ಮಾಂಸ, ಮೀನು, ಮಸಾಲೆ ಮುಂತಾದ ಆಹಾರ ಪದಾರ್ಥಗಳಿಗೆ ನೋಂದಣಿ ಕೇಳಿದಾಗ ಮಹಾಮಂಡಳ ಆಕ್ಷೇಪಿಸಿತು. 2007ರಲ್ಲಿ ಟ್ರೇಡ್‌ಮಾರ್ಕ್ ಕಚೇರಿ ಹೋಟೆಲಿನ ಪರ ನಿಂತಿತು. 2011ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ತಳ್ಳಿಹಾಕಿತು, 2014ರಲ್ಲಿ ಕರ್ನಾಟಕ ಹೈಕೋರ್ಟ್ ಮಂಡಳಿಯ ಮಾತನ್ನೇ ಎತ್ತಿಹಿಡಿಯಿತು. ಕೊನೆಗೆ 2018ರ ಜುಲೈ 26ರಂದು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಎಲ್ಲವನ್ನೂ ತಿರುಗಿಸಿತು.

ಪೀಠದ ತರ್ಕ ಸಣ್ಣ ವ್ಯಾಪಾರಿಗೂ ಪಾಠವಾಗುವಂಥದ್ದು. ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ದೇವತೆಯ ಹೆಸರು. ಮಹಾಮಂಡಳ ಹೊಸದಾಗಿ ಹುಟ್ಟಿಸಿದ ಪದವಲ್ಲ. ಎರಡೂ ಲಾಂಛನಗಳನ್ನು ಇಡಿಯಾಗಿ ನೋಡಿದರೆ ಹಸುವಿಗೂ ದೀಪಕ್ಕೂ ಹೋಲಿಕೆಯಿಲ್ಲ. ಒಂದೇ ವರ್ಗಸಂಖ್ಯೆಯಲ್ಲಿ ಬಂದ ಮಾತ್ರಕ್ಕೆ ಹಾಲೂ ಮಾಂಸವೂ ಒಂದೇ ಬಗೆಯ ಸರಕಾಗುವುದಿಲ್ಲ. ಹೋಟೆಲ್ ಶುರುವಾದದ್ದು ಮಹಾಮಂಡಳ ಹೆಸರು ಬಳಸತೊಡಗಿದ ನಾಲ್ಕೈದು ವರ್ಷಕ್ಕೇ. ಅಷ್ಟರಲ್ಲಿ ಆ ಹೆಸರು ಮಹಾಮಂಡಳದ್ದೇ ಎಂಬಷ್ಟು ಪ್ರಸಿದ್ಧಿ ಪಡೆದಿತ್ತೆಂದು ಹೇಳಲಾಗದು. ಹೀಗೆ ಹೋಟೆಲಿಗೆ ನೋಂದಣಿ ಸಿಕ್ಕಿತು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು. ಇಂದು ಎರಡೂ ನಂದಿನಿಗಳು ಅದೇ ಊರಿನಲ್ಲಿ ವ್ಯಾಪಾರ ಮಾಡುತ್ತಿವೆ.

ದೇವರ ಹೆಸರು, ಊರಿನ ಹೆಸರು, ಸರಕಿನ ಗುಣವನ್ನೇ ಹೇಳುವ ಹೆಸರು ನಮ್ಮವರಿಗೆ ಬಹಳ ಪ್ರೀತಿ. ಕಾನೂನಿನ ದೃಷ್ಟಿಯಲ್ಲಿ ಇವು ದುರ್ಬಲ. ಅಗರಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ತನ್ನೊಬ್ಬನದಾಗಿ ಮಾಡಿಕೊಳ್ಳಲು ಬಂದ ವ್ಯಾಪಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಿಗೆ ಕೊಡಲಿಲ್ಲ. ಪವಿತ್ರ ಗ್ರಂಥದ ಹೆಸರಿನ ಮೇಲೆ ಒಬ್ಬರಿಗೇ ಏಕಸ್ವಾಮ್ಯ ಸಲ್ಲದು ಎಂದಿತು. ಖಾರದ ಪುಡಿಗೆ ‘ಖಾರ’ ಎಂದೇ ಹೆಸರಿಟ್ಟರೆ ಅದು ಎಲ್ಲ ಖಾರದ ಪುಡಿಗೂ ಒಪ್ಪುವ ಮಾತಾದ್ದರಿಂದ ಆಕ್ಷೇಪಣೆ ಖಚಿತ. ಊರಿನ ಹೆಸರಿನ ಬಲ ಬೇಕಾದವರಿಗೆ ಭೌಗೋಳಿಕ ಸೂಚಕ ಎಂಬ ಬೇರೆಯೇ ಕಾನೂನಿದೆ. ಹೈದರಾಬಾದಿ ಹಲೀಮ್‌ಗೆ 2010ರಲ್ಲಿ ಅದು ಸಿಕ್ಕಿತು, ಮೈಸೂರು ರೇಷ್ಮೆಗೆ, ಮೈಸೂರು ಅಗರಬತ್ತಿಗೆ ಅದಕ್ಕೂ ಮೊದಲೇ ಸಿಕ್ಕಿದೆ. ಅದು ಯಾವ ಒಬ್ಬ ಅಂಗಡಿಯವನ ಸ್ವತ್ತೂ ಅಲ್ಲ, ಆ ಸೀಮೆಯ ತಯಾರಕರೆಲ್ಲರ ಪಾಲಿನದು.

ಕನ್ನಡದಲ್ಲಿ ಬರೆದ ಲಾಂಛನಕ್ಕೆ ನೋಂದಣಿ ಸಿಗುವುದೇ ಎಂಬ ಅಳುಕು ಹಲವರಿಗಿದೆ. ಧಾರಾಳವಾಗಿ ಸಿಗುತ್ತದೆ. 2017ರ ನಿಯಮಗಳ ಪ್ರಕಾರ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಪದವಿದ್ದರೆ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಆ ಎರಡರಲ್ಲೊಂದು ಭಾಷೆಯಲ್ಲಿ ಬರೆದು, ಪದ ಯಾವ ಭಾಷೆಯದೆಂದು ತಿಳಿಸಬೇಕು, ಅಷ್ಟೆ. ‘ಬುತ್ತಿ’ಯ ಒಡತಿ ಹೆಸರು ಮತ್ತು ಚಿತ್ರ ಸೇರಿದ ಲಾಂಛನವನ್ನು ಒಟ್ಟಿಗೆ ಕೊಡಬಹುದು, ಹೆಸರಿಗೆ ಪ್ರತ್ಯೇಕವಾಗಿಯೂ ಅರ್ಜಿ ಹಾಕಬಹುದು. ಹಣ ಒಂದೇ ಅರ್ಜಿಗೆ ಸಾಲುವಂತಿದ್ದರೆ, ಹೆಸರು ಗಟ್ಟಿಯಾಗಿದ್ದಲ್ಲಿ ಹೆಸರಿಗೇ ಹಾಕುವುದು ಒಳ್ಳೆಯದು. ಏಕೆಂದರೆ ಇಡೀ ಲಾಂಛನದ ನೋಂದಣಿಯಿಂದ ಅದರ ಬಿಡಿ ಭಾಗಗಳ ಮೇಲೆ ತಾನಾಗಿಯೇ ಪ್ರತ್ಯೇಕ ಹಕ್ಕು ಬರುವುದಿಲ್ಲ. ಹೆಸರು ಸಪ್ಪೆಯಾಗಿದ್ದು ಚಿತ್ರವೇ ಕಣ್ಸೆಳೆಯುವಂತಿದ್ದರೆ ಲಾಂಛನಕ್ಕೆ ಹಾಕಬೇಕು. ಬಣ್ಣಗಳಿಗೆ ಮಿತಿ ಹೇಳಿಕೊಳ್ಳದಿದ್ದರೆ ನೋಂದಣಿ ಎಲ್ಲ ಬಣ್ಣಗಳಿಗೂ ಅನ್ವಯಿಸುತ್ತದೆ. ಕಪ್ಪು ಬಿಳುಪಿನಲ್ಲಿ ಕೊಡುವ ರೂಢಿ ಅದಕ್ಕಾಗಿಯೇ.

ಚಿತ್ರ ಬರೆದವರು ಯಾರು ಎಂಬ ಪ್ರಶ್ನೆಯನ್ನು ಬಹುತೇಕ ಅಂಗಡಿಯವರು ಕೇಳಿಕೊಳ್ಳುವುದೇ ಇಲ್ಲ. ಡಿಟಿಪಿ ಅಂಗಡಿಯವರಿಗೋ ಪರಿಚಯದ ಕಲಾವಿದನಿಗೋ ದುಡ್ಡು ಕೊಟ್ಟು ಬರೆಸಿದರೆ ಚಿತ್ರ ತಮ್ಮದಾಯಿತೆಂದು ತಿಳಿಯುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರೆದವನೇ ಮೊದಲ ಒಡೆಯ. ಸಂಬಳದ ನೌಕರನ ಕೆಲಸದಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಹೊರಗಿನವರಿಂದ ಬರೆಸಿದ್ದರೆ ಹಕ್ಕು ಬರಹದಲ್ಲಿ ವರ್ಗಾವಣೆಯಾಗಬೇಕು. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷಕ್ಕಷ್ಟೇ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದೂ ಕಾನೂನು ಭಾವಿಸುತ್ತದೆ. ಕಲಾವಿದನಿಗೆ ಹಣ ಕೊಡುವ ದಿನವೇ ಒಂದು ಪುಟದ ಒಪ್ಪಂದಕ್ಕೆ ಸಹಿ ಹಾಕಿಸಿ, ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ ಎಂದು ಬರೆಸಿಕೊಳ್ಳುವುದು ಕಲಾವಿದನಿಗೂ ಅಂಗಡಿಗೂ ಕ್ಷೇಮ.

ಇನ್ನು ತಾರೀಖಿನ ಮಾತು. ಅರ್ಜಿಯಲ್ಲಿ ಎರಡು ದಾರಿಗಳಿವೆ: ಇನ್ನು ಮುಂದೆ ಬಳಸಲಿದ್ದೇವೆ ಎನ್ನಬಹುದು, ಇಂಥ ದಿನದಿಂದ ಬಳಸುತ್ತಿದ್ದೇವೆ ಎನ್ನಬಹುದು. ಅವಸರದಲ್ಲಿ ಮೊದಲನೆಯದನ್ನು ಆರಿಸಿದರೆ ವರ್ಷಗಳ ದುಡಿಮೆಯನ್ನು ತಾವೇ ಬಿಟ್ಟುಕೊಟ್ಟಂತೆ. ಎರಡನೆಯದನ್ನು ಆರಿಸಿದರೆ ಪ್ರಮಾಣಪತ್ರವನ್ನೂ ದಾಖಲೆಗಳನ್ನೂ ಲಗತ್ತಿಸಬೇಕು. ಬಿಲ್ಲು, ಮುದ್ರಣಾಲಯಕ್ಕೆ ಹಣ ಕೊಟ್ಟ ರಸೀದಿ, ಆಹಾರ ಪರವಾನಗಿ, ಪತ್ರಿಕೆಯ ಜಾಹೀರಾತು, ಲೇಬಲ್ಲಿನ ಹಳೆಯ ಮಾದರಿ, ಸಗಟು ವ್ಯಾಪಾರಿಯ ಚಲನ್, ಇವೆಲ್ಲ ನಡೆಯುತ್ತವೆ. ಬಿಲ್ಲಿನ ಮೇಲೆ ಆ ಹೆಸರೋ ಲಾಂಛನವೋ ಇರಬೇಕು. ಮಾಲೀಕರ ಹೆಸರಷ್ಟೇ ಇದ್ದ ಬಿಲ್ಲಿನಿಂದ ಗುರುತಿನ ಬಳಕೆ ಸಾಬೀತಾಗುವುದು ಕಷ್ಟ. ಮನೆಯಿಂದ ವ್ಯಾಪಾರ ಶುರುಮಾಡುವ ಹೆಣ್ಣುಮಕ್ಕಳಲ್ಲಿ ಅನೇಕರು ಬಿಲ್ಲನ್ನೇ ಕೊಡುವುದಿಲ್ಲ. ಫೋನಿನಲ್ಲಿ ಆರ್ಡರ್, ಕೈಯಲ್ಲಿ ಹಣ. ಮೊದಲ ಪೊಟ್ಟಣದಿಂದಲೇ ಹೆಸರು ಅಚ್ಚಾದ ಒಂದು ಬಿಲ್ ಪುಸ್ತಕ ಇಟ್ಟುಕೊಂಡರೆ ಮುಂದೆ ಅದಕ್ಕೆ ಬೆಲೆ ಕಟ್ಟಲಾಗದು.

ತಿರುನಲ್ವೇಲಿಯ ಇರುಟ್ಟುಕಡೈ ಹಲ್ವಾ ಅಂಗಡಿಯ ಕಥೆ ಇದಕ್ಕೆ ಸಾಕ್ಷಿ. 1900ರಷ್ಟು ಹಳೆಯ ಅಂಗಡಿ ಅದು. ಅದರ ಹೆಸರಿಗೇ ಊರಿನ ಹೆಸರು ಸೇರಿಸಿಕೊಂಡು ಇನ್ನೊಬ್ಬರು ವ್ಯಾಪಾರ ಶುರುಮಾಡಿ, ತಮ್ಮ ಬಳಿಯೂ ನೋಂದಣಿ ಇದೆಯೆಂದು ವಾದಿಸಿದರು. 2015ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಅಂಗಡಿಯ ಕಡೆ ನಿಂತಿತು. ಮೊದಲು ಬಳಸಿದವರ ಹಕ್ಕು ನೋಂದಣಿಯ ಹಕ್ಕಿಗಿಂತ ಮೇಲು ಎಂಬುದು ಆ ತೀರ್ಪಿನ ತಿರುಳು.

ಅರ್ಜಿ ಹಾಕಿದ ದಿನದಿಂದಲೇ ಹೆಸರಿನ ಪಕ್ಕ ಟಿಎಂ ಎಂದು ಹಾಕಬಹುದು. ಅದಕ್ಕೂ ಮೊದಲೇ ಹಾಕಿದರೂ ತಪ್ಪಿಲ್ಲ. ವೃತ್ತದೊಳಗಿನ ಆರ್ ಅಕ್ಷರ ಮಾತ್ರ ನೋಂದಣಿಯಾದ ಮೇಲೆಯೇ. ಅದಕ್ಕೆ ಮುಂಚೆ ಬಳಸುವುದು ಕಾನೂನಿನ ಉಲ್ಲಂಘನೆ.

ಮುಂದೆ ಕಾಯುವ ಕಾಲ. ಕಚೇರಿಯ ಪರೀಕ್ಷಕರು ಅರ್ಜಿ ನೋಡಿ ವರದಿ ಕಳಿಸುತ್ತಾರೆ. ಜಾಲತಾಣದಲ್ಲಿ ಅರ್ಜಿಯ ಮುಂದೆ ‘ಅಬ್ಜೆಕ್ಟೆಡ್’ ಎಂದು ಕಾಣಿಸಿದ ಕೂಡಲೇ ಅನೇಕರು ಎಲ್ಲ ಮುಗಿಯಿತೆಂದು ಕೈಚೆಲ್ಲುತ್ತಾರೆ. ಅದು ಪರೀಕ್ಷಕರ ಪ್ರಶ್ನೆ ಮಾತ್ರ. ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ವರದಿಯಲ್ಲಿ ಹೋಲುವ ಗುರುತುಗಳನ್ನು ಪಟ್ಟಿ ಮಾಡಿರುತ್ತಾರೆ. ಅವುಗಳ ಸರಕು ಯಾವುದು, ರೂಪ ಹೇಗೆ ಬೇರೆ, ತಮ್ಮ ಬಳಕೆ ಎಂದಿನದು ಎಂದು ಒಂದೊಂದಾಗಿ ಬರೆದರೆ ಸಾಕು. ಸಾಲದಿದ್ದರೆ ವಿಡಿಯೊ ಮೂಲಕ ವಿಚಾರಣೆ ನಡೆಯುತ್ತದೆ, ಮಲ್ಕಾಜ್‌ಗಿರಿಯ ಮನೆಯಲ್ಲಿ ಕೂತೇ ಮಾತಾಡಬಹುದು. ಈ ಹಂತದವರೆಗೂ ಓದುಬರಹ ಬಲ್ಲ, ತಾಳ್ಮೆಯುಳ್ಳ ಯಾರೇ ಆದರೂ ತಾವೇ ನಿಭಾಯಿಸಬಹುದು. ಇಮೇಲ್ ನೋಡದೆ ಗಡುವು ದಾಟಿಸಿದರೆ ಮಾತ್ರ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸುವ ಅಪಾಯವಿದೆ. ಅರ್ಜಿಯಲ್ಲಿ ಮಗನದೋ ಸೈಬರ್ ಕೆಫೆಯದೋ ಇಮೇಲ್ ವಿಳಾಸ ಕೊಡಬಾರದು ಎನ್ನುವುದು ಅದಕ್ಕೇ.

ಒಪ್ಪಿಗೆಯಾದ ಗುರುತು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಪ್ರತಿ ಸೋಮವಾರ ಹೊರಬರುವ ಈ ಜರ್ನಲನ್ನು ಯಾರು ಬೇಕಾದರೂ ಓದಬಹುದು. ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ನೋಂದಣಿ ಪತ್ರ ಬರುತ್ತದೆ. ಹಕ್ಕನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಲಾಗುತ್ತದೆ. ಯಾರಾದರೂ ವಿರೋಧಿಸಿದರೆ ‘ಅಪೋಸ್ಡ್’ ಎಂದು ಕಾಣಿಸುತ್ತದೆ. ಎರಡು ತಿಂಗಳೊಳಗೆ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಪ್ರಮಾಣಪತ್ರ, ಸಾಕ್ಷ್ಯ, ವಾದ ಎಂದು ಬೆಳೆಯುವ ಈ ಘಟ್ಟದಲ್ಲಿ ವಕೀಲರನ್ನು ಹಿಡಿಯಲೇಬೇಕು. ಅರ್ಜಿ ತುಂಬಲು ಉಳಿಸಿದ ಹಣ ಇಲ್ಲಿ ಖರ್ಚಾದರೆ ಅದು ಸಾರ್ಥಕ.

ಇಷ್ಟೆಲ್ಲ ಏಕೆ ಎನ್ನುವವರಿಗೆ ಮಂಗಳೂರು ಗಣೇಶ ಬೀಡಿಯ ಲೆಕ್ಕ ತೋರಿಸಬಹುದು. 1987ರಲ್ಲಿ ಪಾಲುದಾರಿಕೆ ವಿಸರ್ಜನೆಯಾಗಿ, ನಡೆಯುತ್ತಿದ್ದ ವ್ಯಾಪಾರವನ್ನು ಪಾಲುದಾರರ ನಡುವೆಯೇ ಹರಾಜಿಗಿಡಲಾಯಿತು. 1994ರಲ್ಲಿ ಮೂವರು ಪಾಲುದಾರರು ಸೇರಿ 92 ಕೋಟಿ ರೂಪಾಯಿಗೆ ಕೂಗಿದರು. ಅದರಲ್ಲಿ 54 ಕೋಟಿಯನ್ನು ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ ಮತ್ತು ತಯಾರಿಕೆಯ ತಿಳಿವಳಿಕೆಗೆ ಕೊಟ್ಟದ್ದೆಂದು ತೆರಿಗೆ ಇಲಾಖೆಯ ಮುಂದೆ ಲೆಕ್ಕ ಇಟ್ಟರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2015ರಲ್ಲಿ ಈ ಹಕ್ಕುಗಳ ಮೇಲೂ ಯಂತ್ರೋಪಕರಣದಂತೆ ಸವಕಳಿ ಕಳೆಯಬಹುದೆಂದು ತೀರ್ಪಾಯಿತು. ಎಲೆ ಸುತ್ತುವ ಕೈಕೆಲಸದ ಉದ್ಯಮ ಅದು. ಬೆಲೆಯ ಅರ್ಧಕ್ಕಿಂತ ಹೆಚ್ಚು ಪಾಲು ಕೈಗೆ ಸಿಗದ ಹಕ್ಕುಗಳದಾಗಿತ್ತು.

ನೋಂದಣಿಯ ಆಯುಸ್ಸು ಹತ್ತು ವರ್ಷ. ಆಮೇಲೆ ಪ್ರತಿ ಹತ್ತು ವರ್ಷಕ್ಕೊಮ್ಮೆ, ಆನ್‌ಲೈನ್‌ನಲ್ಲಿ ವರ್ಗಕ್ಕೆ 9,000 ರೂಪಾಯಿ ಕಟ್ಟಿ ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. 1876ರ ಜನವರಿ 1ರಂದು ಬ್ರಿಟನ್ನಿನಲ್ಲಿ ಮೊದಲ ಸಂಖ್ಯೆಯಲ್ಲಿ ದಾಖಲಾದ ಬಾಸ್ ಬಿಯರ್ ಕಂಪನಿಯ ಕೆಂಪು ತ್ರಿಕೋನ ಒಂದೂವರೆ ಶತಮಾನ ಬಾಳಿದೆ. ಆದರೆ ಭಾರತದ ನೋಂದಣಿ ಭಾರತದೊಳಗೆ ಮಾತ್ರ ನಡೆಯುತ್ತದೆ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿ ಕಾಣಿಸಿಕೊಂಡಿತಲ್ಲ, ಅಂಥ ಹೊರನಾಡಿನ ಮಾರುಕಟ್ಟೆಗೆ ಹೋಗುವವರು ಆಯಾ ದೇಶದಲ್ಲಿ ಬೇರೆಯಾಗಿ ಹಕ್ಕು ಪಡೆಯಬೇಕು. 2013ರ ಜುಲೈನಲ್ಲಿ ಭಾರತ ಮ್ಯಾಡ್ರಿಡ್ ಒಪ್ಪಂದಕ್ಕೆ ಸೇರಿದ ಮೇಲೆ ಇಲ್ಲಿನ ಅರ್ಜಿಯನ್ನೇ ಆಧಾರವಾಗಿಟ್ಟು, ಒಂದೇ ಅರ್ಜಿಯಲ್ಲಿ ಹಲವು ದೇಶಗಳನ್ನು ಹೆಸರಿಸಿ ಕೇಳಬಹುದು. ಅಮೆರಿಕಕ್ಕೆ ಮಗಳ ಮನೆಗೆಂದು ರೊಟ್ಟಿ ಕಟ್ಟಿಕೊಂಡು ಹೋಗಿ, ಅಲ್ಲಿನ ಕನ್ನಡದ ಅಂಗಡಿಗೆ ಸರಕು ಕಳಿಸುವ ಮಾತುಕತೆ ಶುರುಮಾಡಿದವರು ಮೊದಲ ಪಾರ್ಸೆಲ್ ಹೊರಡುವ ಮುಂಚೆಯೇ ಈ ಅರ್ಜಿ ಹಾಕುವುದು ಲೇಸು. ಅಲ್ಲಿ ಸರಕು ತರಿಸಿಕೊಳ್ಳುವ ವ್ಯಾಪಾರಿಯೇ ತನ್ನ ಹೆಸರಿನಲ್ಲಿ ಆ ಲಾಂಛನವನ್ನು ನೋಂದಾಯಿಸಿಕೊಂಡುಬಿಟ್ಟರೆ, ಅದನ್ನು ಬಿಡಿಸಿಕೊಳ್ಳುವ ಖರ್ಚು ರೊಟ್ಟಿಯ ವ್ಯಾಪಾರ ತಾಳುವಂಥದ್ದಲ್ಲ.